ಮುಂದಿನ ಮೆಟ್ರೊ ಮಾರ್ಗ ಘೋಷಿಸುವ ಮೊದಲು ಪೂರ್ತಿ ಜಾಲದ ನಕ್ಷೆ ಕೊಡಿ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ

ವಿಷಯ: ಮೆಟ್ರೊ ಮತ್ತು ಉಪನಗರ ರೈಲಿನ ಮುಂದಿನ ವಿಸ್ತರಣೆಯನ್ನು ಬಿಡಿ ಮಾರ್ಗಗಳಾಗಿ ಅಲ್ಲದೆ ಒಂದೇ ಜಾಲವಾಗಿ ಯೋಜಿಸುವ ಕುರಿತು

ಮಾನ್ಯರೇ,

ಬೆಂಗಳೂರಿನಲ್ಲಿ ಮೆಟ್ರೊ ಸಂಚಾರ ಶುರುವಾಗಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. 42 ಕಿ.ಮೀ.ಗಳ ಮೊದಲ ಹಂತ ಪೂರ್ತಿಯಾಗಿದ್ದು 2017ರ ಜೂನ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದಾಗ ಜಾಲ ಸುಮಾರು 96 ಕಿ.ಮೀ. ಮುಟ್ಟಿತು. ಕೆಲಸವೇ ನಡೆದಿಲ್ಲ ಎಂಬುದು ನಮ್ಮ ದೂರಲ್ಲ. ಪ್ರತಿ ಮಾರ್ಗವನ್ನೂ ಊರಿಗೆ ಅದೊಂದೇ ಮಾರ್ಗ ಎಂಬಂತೆ ನಿರ್ಧರಿಸಿ, ಕಟ್ಟಿ, ಪಕ್ಕದ ಮಾರ್ಗಕ್ಕೆ ಅದನ್ನು ಜೋಡಿಸುವುದು ಹೇಗೆಂದು ಆಮೇಲೆ ತಲೆಕೆಡಿಸಿಕೊಳ್ಳಲಾಗುತ್ತಿದೆ ಎಂಬುದು ನಮ್ಮ ದೂರು. ಈ ಕ್ರಮದಿಂದ ಆಗುವ ನಷ್ಟ ಮೊದಲ ದಿನ ಕಾಣುವುದಿಲ್ಲ. ಹತ್ತು ವರ್ಷ ಬಿಟ್ಟು ಕಾಣುತ್ತದೆ, ಆಗ ಸರಿಪಡಿಸಲು ಜಾಗವೂ ಇರುವುದಿಲ್ಲ.

ಪತ್ರವನ್ನು ಮೆಟ್ರೊ ನಿಗಮಕ್ಕೆ ಬರೆಯದೆ ನಿಮಗೆ ಬರೆಯಲು ಕಾರಣವಿದೆ. ನಿಗಮದ ಕೆಲಸ ಮೆಟ್ರೊ ಕಟ್ಟುವುದು, ಓಡಿಸುವುದು. ಉಪನಗರ ರೈಲು ರಾಜ್ಯ ಮತ್ತು ರೈಲ್ವೆಯ ಜಂಟಿ ಕಂಪನಿ ಕೆ-ರೈಡ್‌ನದು, ಬಸ್ಸು ಬಿಎಂಟಿಸಿಯದು, ರಸ್ತೆ ಈಗ ಐದು ಪಾಲಿಕೆಗಳದು, ಊರಿನ ಭೂಬಳಕೆ ನಿರ್ಧರಿಸುವ ಮಹಾಯೋಜನೆ ಮತ್ತೊಂದು ಕಚೇರಿಯದು. ಇವರೆಲ್ಲರ ಯೋಜನೆಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡಲೆಂದೇ 2022ರಲ್ಲಿ ಶಾಸನಸಭೆ ಕಾಯ್ದೆ ಮಾಡಿತು, ಮುಖ್ಯಮಂತ್ರಿಗಳ ಅಧ್ಯಕ್ಷತೆಯಲ್ಲಿ ನಿಮ್ಮ ಪ್ರಾಧಿಕಾರ ಬಂತು. ಆ ಮೇಜಿನ ಮೇಲೆ ಇಂದಿಗೂ ಒಂದೊಂದೇ ಕಡತ ಬಂದು ಹೋಗುತ್ತಿದೆ.

ಮಾರ್ಗಗಳು ಬಂದ ಕ್ರಮವನ್ನೇ ನೋಡಿ. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. 2014ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಸುಮಾರು 72 ಕಿ.ಮೀ.ಗಳ ಎರಡನೇ ಹಂತದಲ್ಲಿ ವಿಮಾನ ನಿಲ್ದಾಣವೂ ಇರಲಿಲ್ಲ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಹೊರ ವರ್ತುಲ ರಸ್ತೆಯೂ ಇರಲಿಲ್ಲ. ಆ ವೇಳೆಗಾಗಲೇ ಆ ರಸ್ತೆಯ ಎರಡೂ ಬದಿಗೆ ಟೆಕ್ ಪಾರ್ಕ್‌ಗಳು ಎದ್ದು ನಿಂತಿದ್ದವು. ಎರಡನ್ನೂ ಸೇರಿಸಿದ ನೀಲಿ ಮಾರ್ಗಕ್ಕೆ, 58 ಕಿ.ಮೀ.ಗೆ, ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅತಿ ಹೆಚ್ಚು ಜನ ಓಡಾಡುವ ದಾರಿಯನ್ನು ಎರಡನೇ ಹಂತದ ಬಾಲವಾಗಿ 2ಎ, 2ಬಿ ಎಂದು ಅಂಟಿಸಬೇಕಾಗಿ ಬಂದದ್ದೇ ಮೊದಲು ಜಾಲ ಬರೆದಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಇನ್ನೊಂದು ಸಾಕ್ಷಿ ಮೆಜೆಸ್ಟಿಕ್. 2017ರ ಜೂನ್‌ನಿಂದ 2025ರ ಆಗಸ್ಟ್‌ವರೆಗೆ ಇಡೀ ಜಾಲದಲ್ಲಿ ಮಾರ್ಗ ಬದಲಿಸಲು ಇದ್ದದ್ದು ಇದೊಂದೇ ನಿಲ್ದಾಣ. ಜಾಲ 42ರಿಂದ 77 ಕಿ.ಮೀ.ಗೆ ಬೆಳೆಯಿತು, ಬದಲಾವಣೆಯ ಜಾಗ ಒಂದೇ ಉಳಿಯಿತು. ನೇರಳೆ, ಹಸಿರು ಎರಡೂ ಮಾರ್ಗಗಳ ತುದಿ ಉದ್ದವಾದಷ್ಟೂ ಮೆಜೆಸ್ಟಿಕ್‌ನ ಮೆಟ್ಟಿಲುಗಳ ಮೇಲೆ ಬೀಳುವ ಜನ ಹೆಚ್ಚಾಗುತ್ತಾರೆ. ಹಾಗಿದ್ದೂ ಆ ನಿಲ್ದಾಣ ತಡೆದುಕೊಂಡಿದೆ. ಎರಡು ಮಾರ್ಗಗಳೂ ಒಂದರ ಮೇಲೊಂದು ಹಾಯುವಂತೆ ಮೊದಲೇ ಒಟ್ಟಿಗೆ ವಿನ್ಯಾಸ ಮಾಡಿದ್ದರಿಂದ ಅದು ಸಾಧ್ಯವಾಯಿತು. ನಾವು ಕೇಳುತ್ತಿರುವುದೂ ಅದನ್ನೇ, ಎಲ್ಲ ಕಡೆಗೆ.

ಸುಮಾರು 19 ಕಿ.ಮೀ. ಉದ್ದದ, 16 ನಿಲ್ದಾಣಗಳ ಹಳದಿ ಮಾರ್ಗದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೇವೆ ಆರಂಭವಾದಾಗ ಇದ್ದದ್ದು ಮೂರು ರೈಲು, 25 ನಿಮಿಷಕ್ಕೊಂದು. ಇದರಲ್ಲಿ ಮುಚ್ಚುಮರೆಯೇನೂ ಇಲ್ಲ. ರೈಲೊಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗಿ, ತಿರುಗಿ, ಮತ್ತೆ ಹೊರಡಲು ಸಿದ್ಧವಾಗುವಷ್ಟರಲ್ಲಿ ಹತ್ತಿರ ಹತ್ತಿರ 75 ನಿಮಿಷ. ಅದನ್ನು ಮೂರರಿಂದ ಭಾಗಿಸಿದರೆ 25. ಆರು ಬೋಗಿಯ ರೈಲಿನಲ್ಲಿ ಒತ್ತೊತ್ತಾಗಿ ಸುಮಾರು 2,000 ಜನ ಹಿಡಿಸುತ್ತಾರೆ. 25 ನಿಮಿಷಕ್ಕೊಂದು ರೈಲೆಂದರೆ ಗಂಟೆಗೆ ಒಂದು ದಿಕ್ಕಿನಲ್ಲಿ ಹೆಚ್ಚೆಂದರೆ 4,800 ಜನ. ಅದೇ ಹಳಿ, ಅದೇ ಸಿಗ್ನಲ್, ಅದೇ ನಿಲ್ದಾಣಗಳಲ್ಲಿ ಮೂರು ನಿಮಿಷಕ್ಕೊಂದು ರೈಲು ಬಿಟ್ಟರೆ 40,000. ಸಾವಿರಾರು ಕೋಟಿಯ ಕಾಂಕ್ರೀಟು ತನ್ನ ಶಕ್ತಿಯ ಎಂಟರಲ್ಲೊಂದು ಪಾಲಿಗೆ ದುಡಿಯಲು ಶುರುಮಾಡಿತು.

ಹೀಗಾದದ್ದು ಏಕೆ? ಎರಡನೇ ಹಂತಕ್ಕೆ 2014ರಲ್ಲೇ ಮಂಜೂರಾತಿ ಸಿಕ್ಕಿತ್ತು. 216 ಬೋಗಿಗಳ, ಅಂದರೆ 36 ರೈಲುಗಳ ಗುತ್ತಿಗೆ ಆದದ್ದು 2019ರಲ್ಲಿ. ಅದರಲ್ಲಿ ಹಳದಿ ಮಾರ್ಗದ ಪಾಲು 15 ರೈಲು. ಗುತ್ತಿಗೆ ಪಡೆದ ಚೀನಾದ ಕಂಪನಿಗೆ ಇಲ್ಲಿ ಕಾರ್ಖಾನೆ ತೆರೆಯಲಾಗಲಿಲ್ಲ. ತಯಾರಿಕೆ ಕೋಲ್ಕತ್ತ ಬಳಿಯ ಕಾರ್ಖಾನೆಗೆ ಹೋಯಿತು, ಎಂಜಿನಿಯರುಗಳ ವೀಸಾ ತಡವಾಯಿತು. ಮಾದರಿ ರೈಲು ಹೆಬ್ಬಗೋಡಿ ಡಿಪೋಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ಹೊಸ ಮಾದರಿಯ ರೈಲು ಬಂದ ಕೂಡಲೇ ಜನರನ್ನು ಹತ್ತಿಸಿಕೊಂಡು ಓಡುವಂತಿಲ್ಲ. ನಿಂತಲ್ಲಿ ಪರೀಕ್ಷೆ, ಹಳಿಯ ಮೇಲೆ ಪರೀಕ್ಷೆ, ಸಿಗ್ನಲ್ ಜೊತೆ ಹೊಂದಾಣಿಕೆ, ರೈಲ್ವೆಯ ಸಂಶೋಧನೆ ಮತ್ತು ಗುಣಮಟ್ಟ ಸಂಸ್ಥೆಯಾದ ಆರ್‌ಡಿಎಸ್‌ಒ ನಡೆಸುವ ಕಂಪನ ಪರೀಕ್ಷೆ, ಕೊನೆಗೆ ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ತಪಾಸಣೆ. ಮಾದರಿ ರೈಲು ಬಂದ ದಿನದಿಂದ ಜನ ಹತ್ತುವ ದಿನದವರೆಗೆ ಇಲ್ಲಿ ಹಿಡಿದದ್ದು ಸುಮಾರು ಒಂದೂವರೆ ವರ್ಷ. ಕಂಪನಿಯ ತೊಂದರೆಗಳನ್ನು ಯಾರೂ ಮೊದಲೇ ಊಹಿಸಲಾರರು, ಒಪ್ಪೋಣ. ಆದರೆ ಈ ಒಂದೂವರೆ ವರ್ಷ ಊಹಿಸಬಹುದಾದದ್ದು. ರೈಲಿನ ಆದೇಶವನ್ನು ಸಿವಿಲ್ ಕಾಮಗಾರಿಯ ಹಿಂದೆ ಬರುವ ಸಾಮಾನಿನ ಪಟ್ಟಿಯಂತೆ ನೋಡಿದರೆ ಮುಂದೆಯೂ ಹೀಗೇ ಆಗುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. 15 ರೈಲೂ ಬಂದ ಮೇಲೆ ಎರಡನ್ನು ದುರಸ್ತಿಗೂ ತುರ್ತಿಗೂ ಬಿಟ್ಟರೆ ಓಡುವುದು 13. 75ನ್ನು 13ರಿಂದ ಭಾಗಿಸಿ: ಆರು ನಿಮಿಷಕ್ಕೆ ಸ್ವಲ್ಪ ಕಡಿಮೆ. ಸಿಲ್ಕ್ ಬೋರ್ಡ್‌ನಲ್ಲಿ ನೀಲಿ ಮಾರ್ಗವೂ ಜಯದೇವ ಆಸ್ಪತ್ರೆ ನಿಲ್ದಾಣದಲ್ಲಿ ನಾಗವಾರದ ಕಡೆಯ ಗುಲಾಬಿ ಮಾರ್ಗವೂ ಬಂದು ಸೇರಿದಾಗ ಅದು ಸಾಲುವುದಿಲ್ಲ. ಮೂರು ನಿಮಿಷಕ್ಕೊಂದು ಬಿಡಬೇಕಾದರೆ ಓಡಲು 25, ಮೀಸಲು ಸೇರಿ 28 ರೈಲು ಬೇಕು. ಗುತ್ತಿಗೆಯಿಂದ ಸೇವೆಯವರೆಗೆ ನಾಲ್ಕೈದು ವರ್ಷ ಬೇಕೆಂದರೆ, ಆ ಹೆಚ್ಚುವರಿ ರೈಲುಗಳ ಆದೇಶದ ತೀರ್ಮಾನ ಈಗಲೇ ಆಗಬೇಕು, ನಿಲ್ದಾಣದಲ್ಲಿ ನೂಕುನುಗ್ಗಲು ಶುರುವಾದ ಮೇಲಲ್ಲ.

ರೈಲು ಹೆಚ್ಚಾದರೆ ಅವನ್ನು ನಿಲ್ಲಿಸಲು ಡಿಪೋ ಬೇಕು. ರಾಜಕೀಯ ಭಾಷಣಗಳಲ್ಲಿ ಡಿಪೋದ ಹೆಸರೇ ಬರುವುದಿಲ್ಲ, ಶಂಕುಸ್ಥಾಪನೆಯ ಫಲಕದಲ್ಲೂ ಇರುವುದಿಲ್ಲ, ಆದರೆ ಮಾರ್ಗದ ಗರಿಷ್ಠ ಸಾಮರ್ಥ್ಯ ನಿಶ್ಚಯವಾಗುವುದೇ ಅಲ್ಲಿ. ಆರು ಬೋಗಿಯ ರೈಲು ಸುಮಾರು 130 ಮೀಟರ್ ಉದ್ದ. ಅದು ನಿಲ್ಲುವ ಹಳಿ ನೇರವಾಗಿರಬೇಕು, ಸಮತಟ್ಟಾಗಿರಬೇಕು. ತೊಳೆಯುವ ಜಾಗ, ಗಾಲಿ ಕೊರೆದು ಸರಿಪಡಿಸುವ ಗುಂಡಿ, ಪರೀಕ್ಷಾ ಹಳಿ ಎಲ್ಲ ಸೇರಿ ನಲವತ್ತು ಐವತ್ತು ಎಕರೆಯ ಉದ್ದನೆಯ ಒಂದೇ ತುಂಡು ಭೂಮಿ ಬೇಕು. ಊರಿನ ಅಂಚಿನಲ್ಲಿ ಅಂಥ ತುಂಡು ಇಂದು ಸಿಕ್ಕೀತು. ಮಾರ್ಗ ಘೋಷಣೆಯಾದ ಮರುದಿನದಿಂದ ಅಲ್ಲಿ ಲೇಔಟ್ ಎಳೆಯಲು ಶುರುವಾಗುತ್ತದೆ.

ಪ್ಲಾಟ್‌ಫಾರಂ ಉದ್ದದ ಮಾತೂ ಅಂಥದ್ದೇ. ಮೊದಲ ಹಂತದಲ್ಲಿ ಮೂರು ಬೋಗಿಯ ರೈಲುಗಳಿಂದ ಶುರುಮಾಡಿದರೂ ಪ್ಲಾಟ್‌ಫಾರಂಗಳನ್ನು ಆರು ಬೋಗಿಗೆ ಕಟ್ಟಿದ್ದು ಒಳ್ಳೆಯ ದೂರದೃಷ್ಟಿ. 2018ರಿಂದ ಬೋಗಿ ಸೇರಿಸಲು ಸಾಧ್ಯವಾದದ್ದು ಅದರಿಂದಲೇ. ಆರನ್ನು ದಾಟುವ ಹಾದಿ ಅಲ್ಲಿ ಈಗ ಮುಚ್ಚಿದೆ, ನೆಲದಡಿಯ ನಿಲ್ದಾಣವನ್ನು ಮತ್ತೆ ಹಿಗ್ಗಿಸಲು ಆಗುವುದಿಲ್ಲ. ದೆಹಲಿಯ ಹಳೆಯ ಮಾರ್ಗಗಳಲ್ಲಿ ಎಂಟು ಬೋಗಿ ಓಡುತ್ತವೆ. ಸರ್ಜಾಪುರದಿಂದ ಹೆಬ್ಬಾಳಕ್ಕೆ ಬರುವ ಕೆಂಪು ಮಾರ್ಗ ಊರಿನ ನಡುವೆ ನೆಲದಡಿಯಲ್ಲೇ ಹಾಯಬೇಕು. ಅಲ್ಲಿ ಆರೇ ಸಾಕೆಂದು ತೀರ್ಮಾನಿಸುವುದಾದರೆ ಯಾವ ವರ್ಷದ, ಯಾವ ಪ್ರಯಾಣಿಕರ ಅಂದಾಜಿನ ಮೇಲೆ ಎಂಬುದನ್ನು ಪ್ರಕಟಿಸಿ. ಈ ಮಾರ್ಗದ ಸುಮಾರು 37 ಕಿ.ಮೀ.ಗೆ ರಾಜ್ಯ ಸಂಪುಟ 2024ರ ಡಿಸೆಂಬರ್‌ನಲ್ಲಿ ಒಪ್ಪಿದ ಅಂದಾಜು 28,405 ಕೋಟಿ ರೂಪಾಯಿ, ಕಿ.ಮೀ.ಗೆ 770 ಕೋಟಿಯ ಆಸುಪಾಸು. ಪೂರ್ತಿ ಎತ್ತರಿಸಿದ ಮೂರನೇ ಹಂತದ 44.65 ಕಿ.ಮೀ.ಗೆ 15,611 ಕೋಟಿ, ಅಂದರೆ ಕಿ.ಮೀ.ಗೆ 350 ಕೋಟಿ. ಸುರಂಗ ಇರುವುದರಿಂದ ವೆಚ್ಚ ಹೆಚ್ಚು ಎಂಬುದು ಸರಿಯೇ, ಆದರೆ ಎಷ್ಟು ಹೆಚ್ಚು, ಯಾವ ಬಾಬ್ತಿಗೆ ಎಂಬ ವಿವರ ಜನರ ಮುಂದೆ ಇರಬೇಕು.

ಈಗ ಮಾರ್ಗ ಬದಲಾವಣೆಯ ನಿಲ್ದಾಣಗಳ ವಿಷಯ, ನಮ್ಮ ಮುಖ್ಯ ಕಳವಳ. ಮೂರನೇ ಹಂತದ ಕಿತ್ತಳೆ ಮಾರ್ಗ ಪೀಣ್ಯದಲ್ಲಿ ಹಸಿರನ್ನೂ ಮೈಸೂರು ರಸ್ತೆ ಮತ್ತು ಹೊಸಹಳ್ಳಿಯಲ್ಲಿ ನೇರಳೆಯನ್ನೂ ಸೇರಬೇಕು. ಈ ಮೂರೂ ನಿಲ್ದಾಣಗಳು ಮೊದಲ ಹಂತದವು. ಕಿತ್ತಳೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ. ಓಡುತ್ತಿರುವ ನಿಲ್ದಾಣಕ್ಕೆ ಹೊಸ ನಿಲ್ದಾಣ ಜೋಡಿಸುವುದೆಂದರೆ ರಾತ್ರಿ ರೈಲು ನಿಂತ ಮೇಲೆ ಸಿಗುವ ನಾಲ್ಕೈದು ಗಂಟೆಯಲ್ಲಿ, ಹಳಿ ಪಕ್ಕದ 750 ವೋಲ್ಟಿನ ವಿದ್ಯುತ್ ತೆಗೆದು, ಕೆಲಸ ಮಾಡಿ, ಬೆಳಗಾಗುವುದರೊಳಗೆ ಎಲ್ಲ ಮೊದಲಿನಂತೆ ಮಾಡಿಡುವುದು.

ಮೊದಲೇ ಗೊತ್ತಿದ್ದರೆ ಮಾಡಬೇಕಾದದ್ದು ಹೆಚ್ಚೇನಲ್ಲ. ಎತ್ತರಿಸಿದ ನಿಲ್ದಾಣದಲ್ಲಿ ಟಿಕೆಟ್ ಮಹಡಿಯ ಒಂದು ತುದಿಯ ಗೋಡೆಯನ್ನು ಭಾರ ಹೊರದ, ಮುಂದೆ ಒಡೆಯಬಹುದಾದ ಗೋಡೆಯಾಗಿ ಕಟ್ಟಬೇಕು. ಆ ಕಡೆಯ ಕಂಬಗಳಿಗೆ ಮುಂದಿನ ಸೇತುವೆಯ ಭಾರವನ್ನೂ ಲೆಕ್ಕಹಾಕಿ ಅಡಿಪಾಯ ಹಾಕಬೇಕು. ಇನ್ನೆರಡು ಎಸ್ಕಲೇಟರಿಗೆ ಚಾವಣಿಯಲ್ಲಿ ತೆರಪು ಬಿಟ್ಟು ಹಲಗೆ ಮುಚ್ಚಿಡಬೇಕು. ನೆಲದಡಿಯಲ್ಲಾದರೆ, ಮುಂದೆ ಸುರಂಗ ಯಂತ್ರ ಹಾಯುವ ಜಾಗದ ಗೋಡೆಗೆ ಉಕ್ಕಿನ ಸರಳಿನ ಬದಲು ಗಾಜಿನ ನಾರಿನ ಸರಳು ಹಾಕಬೇಕು, ಯಂತ್ರ ಅದನ್ನು ಕೊರೆದುಕೊಂಡು ಹೋಗುತ್ತದೆ. ಇವಕ್ಕೆಲ್ಲ ತಗಲುವ ವೆಚ್ಚ ನಿಲ್ದಾಣದ ಒಟ್ಟು ವೆಚ್ಚದಲ್ಲಿ ಸಣ್ಣ ಪಾಲು. ಗೊತ್ತಿಲ್ಲದಿದ್ದರೆ ಮಾತ್ರ ದುಬಾರಿ.

ಬದಲಾವಣೆಯ ದಾರಿ ಇದ್ದರೆ ಸಾಲದು, ಅದರ ಅಗಲವೂ ಲೆಕ್ಕಕ್ಕೆ ಬರುತ್ತದೆ. ಒಂದು ಎಸ್ಕಲೇಟರ್ ವಾಸ್ತವದಲ್ಲಿ ನಿಮಿಷಕ್ಕೆ ನೂರರ ಆಸುಪಾಸು ಜನರನ್ನು ಸಾಗಿಸುತ್ತದೆ. ಬೆಳಗಿನ ದಟ್ಟಣೆಯಲ್ಲಿ ಒಂದು ರೈಲಿನಿಂದ 600 ಜನ ಇಳಿದರೆ ಆರು ನಿಮಿಷ. ಮುಂದಿನ ರೈಲು ಮೂರನೇ ನಿಮಿಷಕ್ಕೇ ಬಂದರೆ ಪ್ಲಾಟ್‌ಫಾರಂ ಬರಿದಾಗುವುದೇ ಇಲ್ಲ. ಆಗ ಸಿಬ್ಬಂದಿ ಹಗ್ಗ ಕಟ್ಟಿ ಜನರನ್ನು ಕೆಳಗೇ ತಡೆಯುತ್ತಾರೆ, ರೈಲು ನಿಲ್ಲುವ ಸಮಯ ಉದ್ದವಾಗುತ್ತದೆ, ಹಿಂದಿನ ರೈಲುಗಳು ನಿಲ್ದಾಣದ ಹೊರಗೆ ಸಾಲುಗಟ್ಟುತ್ತವೆ. ಒಂದು ಮೆಟ್ಟಿಲಿನ ಅಗಲದ ತಪ್ಪು ನಲವತ್ತು ಕಿ.ಮೀ.ಗಳ ವೇಳಾಪಟ್ಟಿಯನ್ನು ಕೆಡಿಸುತ್ತದೆ.

ರೈಲು ನಿಲ್ದಾಣಗಳ ಜೋಡಣೆ ಇನ್ನೂ ಶೋಚನೀಯ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲಿ ತೆರೆಯಿತು. ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣ ಅಲ್ಲಿಂದ ಲಗೇಜು ಹೊತ್ತು ನಡೆಯುವಷ್ಟು ಹತ್ತಿರವಿಲ್ಲ. ಇಷ್ಟು ದೊಡ್ಡ ಟರ್ಮಿನಲ್ ಒಂದು ಇಲಾಖೆಯ ನಕ್ಷೆಯಲ್ಲಿ ಇದ್ದು ಇನ್ನೊಂದು ಇಲಾಖೆಯ ನಕ್ಷೆಯಲ್ಲಿ ಇರಲಿಲ್ಲವೇ?

ಕಟ್ಟಿ ಕೆಡವಿದ ಉದಾಹರಣೆಯೂ ನಮ್ಮಲ್ಲೇ ಇದೆ. ಜಯದೇವ ಆಸ್ಪತ್ರೆಯ ಮುಂದಿನ ಮೇಲ್ಸೇತುವೆ ಎರಡು ದಶಕವೂ ಬಾಳಲಿಲ್ಲ, ಹಳದಿ ಮತ್ತು ಗುಲಾಬಿ ಮಾರ್ಗಗಳು ಕೂಡುವ ಜಾಗ ಅದೇ ಆದ್ದರಿಂದ 2020ರಲ್ಲಿ ಕೆಡವಬೇಕಾಯಿತು. ಹಳದಿ ಮಾರ್ಗದಲ್ಲೇ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ರಸ್ತೆ ಕೆಳಗೆ, ಮೆಟ್ರೊ ಮೇಲೆ ಎಂಬ ಡಬಲ್ ಡೆಕ್ಕರ್ ಬಂತು. ಮೂರನೇ ಹಂತಕ್ಕೂ ಅದೇ ಬೇಕೆಂದು ಸರ್ಕಾರ ಹೇಳಿದ್ದು ಯೋಜನಾ ವರದಿ ಸಿದ್ಧವಾದ ಬಳಿಕ. ರಸ್ತೆಯ ಸೇತುವೆ ನಡುವೆ ಬಂದರೆ ಮೆಟ್ರೊ ಹಳಿ ನೆಲದಿಂದ 16 ಮೀಟರ್ ಎತ್ತರಕ್ಕೆ ಹೋಗುತ್ತದೆ. ಕಂಬ ದಪ್ಪವಾಗುತ್ತದೆ, ಅಡಿಪಾಯ ಬದಲಾಗುತ್ತದೆ, ಪ್ರತಿ ಪ್ರಯಾಣಿಕನೂ ದಿನಕ್ಕೆರಡು ಸಲ ಹೆಚ್ಚುವರಿ ಮಹಡಿ ಹತ್ತಿಳಿಯುತ್ತಾನೆ, ಟೆಂಡರ್ ಹಿಂದೆ ಬೀಳುತ್ತದೆ. ಮೆಟ್ರೊಗೆಂದು ಹಾಕಿದ ಕಂಬದ ಮೇಲೆ ಮೆಟ್ರೊಗೆ ಪೈಪೋಟಿ ಕೊಡುವ ಕಾರಿನ ದಾರಿಯನ್ನೂ ಹೊರಿಸುವುದು ನಮ್ಮ ದೃಷ್ಟಿಯಲ್ಲಿ ತಪ್ಪು ನಿರ್ಧಾರ. ಬೇಕೇ ಬೇಕೆಂದರೆ ಅದನ್ನು ಯೋಜನಾ ವರದಿಯ ಹಂತದಲ್ಲೇ ಹೇಳಿ.

ಹೆಬ್ಬಾಳ ಮುಂದಿನ ಜಯದೇವ ಆಗಬಾರದು. ನೀಲಿ ಮಾರ್ಗ, ಕೆಂಪು ಮಾರ್ಗ, ಪಕ್ಕದ ಕೆಂಪಾಪುರಕ್ಕೆ ಬಂದು ನಿಲ್ಲುವ ಕಿತ್ತಳೆ, ಉಪನಗರ ರೈಲು, ಮೇಲ್ಸೇತುವೆಯ ಹೊಸ ಲೂಪುಗಳು, ಸಿಲ್ಕ್ ಬೋರ್ಡ್‌ಗೆ ಹೋಗುವ ಉದ್ದೇಶಿತ ಸುರಂಗ ರಸ್ತೆಯ ಬಾಯಿ, ಎಲ್ಲವೂ ಒಂದು ಕೆರೆಯಂಚಿನ ಸುತ್ತ ಬಂದು ಕೂಡುತ್ತಿವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಸಲಹೆಗಾರರು, ಬೇರೆ ಬೇರೆ ನಕ್ಷೆ. ಎಲ್ಲರ ಕಂಬ, ಅಡಿಪಾಯ, ಸುರಂಗದ ಮಟ್ಟಗಳನ್ನು ಒಂದೇ ಮೂರು ಆಯಾಮದ ನಕ್ಷೆಯಲ್ಲಿ ಕೂರಿಸುವವರೆಗೆ ಅಲ್ಲಿ ಯಾರಿಗೂ ಗುದ್ದಲಿ ಹಾಕಲು ಬಿಡಬೇಡಿ. ಹಾಗೆ ತಡೆಯುವ ಅಧಿಕಾರ ಚಲಾಯಿಸಬೇಕಾದವರು ನೀವೇ.

ದಾರಿಯನ್ನು ಕಾಯ್ದಿರಿಸುವುದು ಸಾಧ್ಯವೇ ಎಂದು ಕೇಳುವವರಿಗೆ ಎರಡು ಉದಾಹರಣೆ. ಲಂಡನ್ನಿನ ಕ್ರಾಸ್‌ರೈಲ್ ಸುರಂಗದ ದಾರಿಯನ್ನು 1990ರ ದಶಕದ ಆರಂಭದಲ್ಲೇ ಕಾನೂನಿನ ಪ್ರಕಾರ ಕಾಯ್ದಿರಿಸಲಾಯಿತು. ಆ ದಾರಿಯೊಳಗೆ ಆಳದ ಅಡಿಪಾಯ ಹಾಕುವವರ ಅರ್ಜಿ ಯೋಜನೆಯವರ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಹಣ ಸಿಗಲು ವರ್ಷಗಳು ಹಿಡಿದವು, ರೈಲು ಓಡಿದ್ದು 2022ರಲ್ಲಿ, ಆದರೆ ದಾರಿ ಉಳಿದಿತ್ತು. ಸಿಂಗಪುರದಲ್ಲಿ 2003ರಲ್ಲಿ ಈಶಾನ್ಯ ಮಾರ್ಗ ತೆರೆದಾಗ ಬುವಾಂಗ್‌ಕಾಕ್ ಮತ್ತು ವುಡ್‌ಲೀ ನಿಲ್ದಾಣಗಳನ್ನು ಕಟ್ಟಿ ಮುಚ್ಚಿಟ್ಟಿದ್ದರು. ಸುತ್ತ ಜನವಸತಿ ಬಂದ ಮೇಲೆ ಒಂದನ್ನು 2006ರಲ್ಲಿ, ಇನ್ನೊಂದನ್ನು 2011ರಲ್ಲಿ ತೆರೆದರು. ಮುಚ್ಚಿದ ನಿಲ್ದಾಣ ನೋಡಿ ಅಲ್ಲಿಯೂ ಜನ ಗೊಣಗಿದರು. ಗೊಣಗಿಸಿಕೊಂಡರೂ ಪರವಾಗಿಲ್ಲ ಎಂಬಂಥ ಖರ್ಚು ಅದು.

ನಮ್ಮಲ್ಲಿ ಕಾಯ್ದಿರಿಸಲು ಮಹಾಯೋಜನೆಯೇ ಇಲ್ಲ. 2015ರ ಗುರಿಯ ಯೋಜನೆ ಅವಧಿ ಮುಗಿದರೂ ಅದರ ಮೇಲೇ ಊರು ನಡೆಯುತ್ತಿದೆ. 2017ರಲ್ಲಿ ಪ್ರಕಟವಾದ 2031ರ ಕರಡು ಅಂತಿಮವಾಗಲೇ ಇಲ್ಲ. ಹೊಸ ಮಹಾಯೋಜನೆ ಬರಲೆಂದು ಕೈಕಟ್ಟಿ ಕೂರುವ ಬದಲು ಸಾರಿಗೆ ದಾರಿಗಳನ್ನಷ್ಟೇ ಪ್ರತ್ಯೇಕವಾಗಿ ಅಧಿಸೂಚಿಸಲು ಸರ್ಕಾರಕ್ಕೆ ಶಿಫಾರಸು ಮಾಡಿ.

ಹೊರವಲಯದ ಬಗ್ಗೆ ಒಂದು ಮಾತು. ಹಸಿರು ಮಾರ್ಗದ ತುದಿಯಾದ ಮಾದಾವರದಿಂದ ತುಮಕೂರಿಗೆ ಐವತ್ತಕ್ಕೂ ಹೆಚ್ಚು ಕಿ.ಮೀ. ಮೆಟ್ರೊ ಎಂಬ ಪ್ರಸ್ತಾವವಿದೆ. ನಿಲ್ದಾಣಗಳನ್ನು ದೂರ ದೂರ ಇಟ್ಟು ಸರಾಸರಿ ಗಂಟೆಗೆ 45 ಕಿ.ಮೀ. ಸಾಧಿಸಿದರೂ ಮಾದಾವರ ತಲುಪಲು ಒಂದೂಕಾಲು ಗಂಟೆ, ಅಲ್ಲಿಂದ ಮೆಜೆಸ್ಟಿಕ್‌ಗೆ ಇನ್ನರ್ಧ ಗಂಟೆ, ಬಹುಪಾಲು ಜನ ನಿಂತುಕೊಂಡೇ. ತುಮಕೂರಿಗೆ ಜೋಡಿ ರೈಲು ಹಳಿ ಈಗಾಗಲೇ ಇದೆ. ಅಲ್ಲಿ ಬೇಕಿರುವುದು ಹೆಚ್ಚು ಲೋಕಲ್ ರೈಲು ಮತ್ತು ಯಶವಂತಪುರದಲ್ಲಿ ಸಲೀಸಾದ ಬದಲಾವಣೆ. 2020ರಲ್ಲಿ ಮಂಜೂರಾದ ನಾಲ್ಕು ಕಾರಿಡಾರ್‌ಗಳ, 148 ಕಿ.ಮೀ.ಗಳ ಉಪನಗರ ರೈಲು ಕುಂಟುತ್ತಿರುವಾಗ ಅದರ ಕೆಲಸವನ್ನೂ ಮೆಟ್ರೊ ತಲೆಗೆ ಕಟ್ಟುವುದು ಎರಡಕ್ಕೂ ಕೇಡು. 2017ರ ರಾಷ್ಟ್ರೀಯ ಮೆಟ್ರೊ ನೀತಿ ಪರ್ಯಾಯಗಳ ವಿಶ್ಲೇಷಣೆಯನ್ನು ಕಡ್ಡಾಯ ಮಾಡಿದೆ. ಅದನ್ನು ಮಾರ್ಗ ಘೋಷಿಸಿದ ಮೇಲೆ ಮಾಡಿದರೆ ಅದು ವಿಶ್ಲೇಷಣೆಯಲ್ಲ, ಸಮರ್ಥನೆ.

ಆದ್ದರಿಂದ ನಮ್ಮ ಕೋರಿಕೆಗಳು ಇವು. 2050ರ ಗುರಿಯಿಟ್ಟು ಮೆಟ್ರೊ, ಉಪನಗರ ರೈಲು, ಬಸ್ ಪಥ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಜಾಲದ ನಕ್ಷೆಯನ್ನು ಕನ್ನಡದಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 60 ದಿನ ಕೊಡಿ. ಆ ನಕ್ಷೆಯ ದಾರಿ, ನಿಲ್ದಾಣ, ಡಿಪೋ ಜಾಗಗಳಲ್ಲಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರವಿಲ್ಲದೆ ಕಟ್ಟಡ ಪರವಾನಗಿ ಕೊಡದಂತೆ ಐದೂ ಪಾಲಿಕೆಗಳನ್ನು ಕಟ್ಟಿಹಾಕಿ. ಎರಡು ಮಾರ್ಗ ಕೂಡುವಲ್ಲಿ ಪ್ಲಾಟ್‌ಫಾರಂನಿಂದ ಪ್ಲಾಟ್‌ಫಾರಂಗೆ ಮೂರು ನಿಮಿಷದ ನಡಿಗೆ ಮೀರದಂತೆ, ಟಿಕೆಟ್ ಗೇಟಿನ ಹೊರಗೆ ಹೋಗಬೇಕಾಗದಂತೆ ನಿಯಮ ಮಾಡಿ, ಅದಿಲ್ಲದ ವಿನ್ಯಾಸವನ್ನು ವಾಪಸು ಕಳಿಸಿ. ರೈಲುಗಳ ಗುತ್ತಿಗೆ ಸಿವಿಲ್ ಗುತ್ತಿಗೆಯ ಜೊತೆಜೊತೆಗೇ ಆಗಲಿ, ತೆರೆಯುವ ದಿನಕ್ಕೆ ಹತ್ತು ನಿಮಿಷಕ್ಕೊಂದು ಓಡಿಸುವಷ್ಟಾದರೂ ರೈಲು ಕೈಯಲ್ಲಿರಲಿ. ಪ್ರತಿ ಮಾರ್ಗದ ಭೂಸ್ವಾಧೀನ, ಕಾಮಗಾರಿ, ರೈಲು ಪೂರೈಕೆ, ಪರೀಕ್ಷೆ ಎಲ್ಲಿಗೆ ಬಂದಿದೆ ಎಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಹಾಕಿ, ತಡವಾಗಿದ್ದರೆ ಕಾರಣ ಸಮೇತ.

ಕೆಂಪು ಮಾರ್ಗದ ನಿಲ್ದಾಣಗಳ ವಿನ್ಯಾಸ ಗಟ್ಟಿಯಾಗುವ ಮೊದಲು ಈ ವಿಷಯವನ್ನು ಪ್ರಾಧಿಕಾರದ ಸಭೆಯ ಕಾರ್ಯಸೂಚಿಗೆ ಸೇರಿಸಿ, ನಡಾವಳಿಯನ್ನು ಸಾರ್ವಜನಿಕರಿಗೆ ಸಿಗುವಂತೆ ಮಾಡಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಸಾರ್ವಜನಿಕ ಸಾರಿಗೆಯ ಬಳಕೆದಾರರು